ವಿಂಡೋಸ್ 11 ಹಾಕ್ಸಿದ್ಮೇಲೆ ಮೂರು ವಾರ ‘ಆಫ್‌ಲೈನ್’: ನಾಲ್ಕೂವರೆ ವರ್ಷದ ನಮ್ಮನೆ ವೈಫೈ ಪ್ರಿಂಟರ್

ಈ ಇಂಕ್ ಟ್ಯಾಂಕ್ ಪ್ರಿಂಟರ್ ತಗೊಂಡು ನಾಲ್ಕೂವರೆ ವರ್ಷ ಆಯ್ತು, ಇಷ್ಟು ದಿನ ಇದ್ರ ಬಗ್ಗೆ ಬರೀಬೇಕು ಅಂತ ಒಂದ್ಸಲಾನೂ ಅನ್ಸಿರ್ಲಿಲ್ಲ. ಚೆನ್ನಾಗಿ ನಡೀತಿರೋ ವಸ್ತು ಬಗ್ಗೆ ಯಾರು ಬರೀತಾರೆ ಹೇಳಿ. ಆದ್ರೆ ಅಕ್ಟೋಬರಿಂದ ಮೂರು ವಾರ ಇದು ನನ್ನ ನಿದ್ದೆ ಕೆಡಿಸ್ತು, ಕೊನೆಗೆ ಸರಿಯಾಗಿದ್ದು ಹೇಗೆ ಅನ್ನೋದು ನನಗೆ ಮೊದಲೇ ಯಾರಾದ್ರೂ ಕನ್ನಡದಲ್ಲಿ ಬರ್ದಿಟ್ಟಿದ್ರೆ ಅಷ್ಟೂ ದಿನ ಉಳೀತಿತ್ತು, ಅದಕ್ಕೇ ಬರೀತಿದೀನಿ. ನಿಮಿಷಕ್ಕೆ ಎಷ್ಟು ಪೇಜು, ಡಿಪಿಐ ಎಷ್ಟು ಅನ್ನೋದೆಲ್ಲ ಬಾಕ್ಸ್ ಮೇಲೇ ಇದೆ, ಅದನ್ನ ಬಿಡ್ತೀನಿ.

ನಾವಿರೋದು ತೀರ್ಥಹಳ್ಳಿ ಹತ್ರ. ಮನೇಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತದ ಟ್ಯೂಷನ್ ತಗೋತೀನಿ. 2021ರಲ್ಲಿ ಕೋವಿಡ್ ಕಾರಣಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೇನ ಜುಲೈ 19 ಮತ್ತು 22, ಎರಡೇ ದಿನಕ್ಕೆ ಇಳಿಸಿ, ಬರೀ ಬಹು ಆಯ್ಕೆ ಪ್ರಶ್ನೆ, ಓಎಂಆರ್ ಶೀಟು ಅಂದ್ರಲ್ಲ, ಆಗ ಮಕ್ಕಳಿಗೆ ಗೋಲ ತುಂಬೋ ಅಭ್ಯಾಸ ಮಾಡ್ಸೋಕೆ ದಿನಾ ಶೀಟು ಬೇಕಾಗ್ತಿತ್ತು. ಜೆರಾಕ್ಸ್ ಅಂಗಡಿ ಅರ್ಧ ದಿನ ತೆಗೀತಿರ್ಲಿಲ್ಲ. ಹಾಗೆ ಬಂದಿದ್ದು ಈ ಪ್ರಿಂಟರ್. ಟ್ಯೂಷನ್ ಫೀಸಲ್ಲಿ ಕೂಡಿಟ್ಟು ತಗೊಂಡಿದ್ದು, ಹಾಗಾಗಿ ‘ಹೊಸದು ತಗೊಂಬಿಡಿ’ ಅನ್ನೋ ಸಲಹೆ ನನಗೆ ಸಲಹೆನೇ ಅಲ್ಲ.

ದಿನಾ ಸಂಜೆ ಐದಕ್ಕೆ ಕೆಲಸ ಶುರು. ಪೇಪರ್ ಕಟ್ಟು ನಾನು ಟ್ರೇನಲ್ಲಿ ಬಿಡೋದೇ ಇಲ್ಲ, ನಮ್ಮೂರ ಮಳೆಗಾಲದ ಥಂಡಿಗೆ ಹಾಳೆ ಒದ್ದೆ ಹಪ್ಪಳದ ಥರ ಮೆತ್ತಗಾಗಿ ಎರಡೆರಡು ಒಟ್ಟಿಗೆ ಎಳ್ಕೊಳತ್ತೆ. ಅವಲಕ್ಕಿ ಹಾಕ್ತಿದ್ದ ದೊಡ್ಡ ಸ್ಟೀಲ್ ಡಬ್ಬೀಲಿ ಪ್ಲಾಸ್ಟಿಕ್ ಸುತ್ತಿ ಇಟ್ಟಿರ್ತೀನಿ, ಬೇಕಾದಷ್ಟೇ ತೆಗ್ದು, ಇಸ್ಪೀಟ್ ಎಲೆ ಬಿಡಿಸ್ದಂಗೆ ಒಂದ್ಸಲ ಬಿಡಿಸಿ, ಮೇಜಿಗೆ ಕುಟ್ಟಿ ಅಂಚು ಸರಿ ಮಾಡಿ ಇಡೋದು. ಆಮೇಲೆ ಇಂಕ್ ಕಮ್ಮಿ ಹಿಡಿಯೋ ಡ್ರಾಫ್ಟ್ ಮೋಡಲ್ಲಿ ಹದಿನಾಲ್ಕು ಕಾಪಿ. ಪ್ರಿಂಟರ್ ಮೊದಲು ಒಂದೆರಡು ಸಲ ಗುರ್ ಅಂತ ಒಳಗಡೆ ಏನೋ ಸರಿ ಮಾಡ್ಕೊಂಡು ಆಮೇಲೆ ಒಂದೇ ಲಯಕ್ಕೆ ಬರತ್ತೆ, ಆ ಸದ್ದು ಕೇಳಿದ ಕೂಡ್ಲೇ ನಮ್ಮ ಮಾವ ಒಳಗಿಂದ ‘ನಂದೊಂದು ಪಹಣಿ ತೆಗ್ದು ಕೊಡಮ್ಮಾ’ ಅಂತಾರೆ. ಭಾನುವಾರ ಒಂದು ನಾಝಲ್ ಚೆಕ್ (ಎಲ್ಲಾ ಬಣ್ಣಾನೂ ಸರಿಯಾಗಿ ಬರ್ತಿದೆಯಾ ಅಂತ ನೋಡೋ ಪ್ರಿಂಟು) ಹೊಡೀತೀನಿ, ಕಲರ್ ಬಳಸ್ದೇ ಬಿಟ್ರೆ ಇಂಕ್ ಉಗುಳೋ ಹೆಡ್ಡಲ್ಲಿ ಇಂಕ್ ಒಣಗತ್ತೆ. ಇಷ್ಟು ವರ್ಷದಲ್ಲಿ ಹೆಡ್ ಕ್ಲೀನಿಂಗ್ ಕೊಟ್ಟಿರೋದು ಮೂರೇ ಸಲ.

ಈಗ ತಾಪತ್ರಯಕ್ಕೆ ಬರ್ತೀನಿ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗೀತು. ನನ್ನ ಲ್ಯಾಪ್‌ಟಾಪ್ ಎಂಟನೇ ಜನರೇಷನ್ ಪ್ರೊಸೆಸರ್‌ದು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪೂ ಇದೆ, ಹಾಗಾಗಿ 11 ಹಾಕ್ಬಹುದಿತ್ತು. ಸಿ ಡ್ರೈವ್ ತುಂಬಿ ಹೋಗಿದ್ರಿಂದ ಪೇಟೇಲಿ ಒಬ್ರ ಹತ್ರ ಕೊಟ್ಟು ಎಲ್ಲಾ ಅಳಿಸಿ ಫ್ರೆಶ್ ಆಗಿ ಹಾಕ್ಸಿದೆ. ಮನೆಗೆ ತಂದು ‘ಆಡ್ ಡಿವೈಸ್’ ಒತ್ತಿದ್ರೆ ಪ್ರಿಂಟರ್ ಹೆಸರು ಬಂತು, ಸೇರ್ತು, ಟೆಸ್ಟ್ ಪೇಜೂ ಬಂತು, ಖುಷಿಯಾಯ್ತು. ಮಾರನೇ ದಿನ ಸಂಜೆ ಮಕ್ಕಳು ಬಂದು ಕೂತಿದಾರೆ, ಸ್ಕ್ರೀನ್ ಮೇಲೆ ‘ಆಫ್‌ಲೈನ್’. ಪ್ರಿಂಟರಿನ ವೈಫೈ ಲೈಟ್ ನೀಲಿಯಾಗಿ ಉರೀತಾನೇ ಇದೆ, ಮೊಬೈಲಿಂದ ಕೊಟ್ರೆ ಪ್ರಿಂಟ್ ಬರತ್ತೆ, ಲ್ಯಾಪ್‌ಟಾಪಿಗೆ ಮಾತ್ರ ಅದು ಇಲ್ಲವೇ ಇಲ್ಲ. ಆವತ್ತು ಪ್ರಶ್ನೆಗಳನ್ನ ಬೋರ್ಡ್ ಮೇಲೆ ಬರ್ದೆ.

ಪ್ರಿಂಟರ್ ಕಂಪನಿ ಹೆಲ್ಪ್‌ಲೈನಿಗೆ ನಾಲ್ಕು ಸಲ ಮಾಡಿದೆ. ನಾಲ್ಕು ಸಲಾನೂ ಒಂದೇ ಉತ್ತರ, ನಮ್ಮ ಆ್ಯಪ್ ಹಾಕ್ಕೊಳ್ಳಿ, ಲಾಗಿನ್ ಮಾಡಿ, ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿ. ನಾನು ದುಡ್ಡು ಕೊಟ್ಟು ತಂದ, ನನ್ನ ಮನೇಲೇ ಇರೋ ಪ್ರಿಂಟರಲ್ಲಿ ಒಂದು ಹಾಳೆ ತೆಗೆಯೋಕೆ ನಾನ್ಯಾಕೆ ಈಮೇಲ್ ಕೊಟ್ಟು ಅಕೌಂಟ್ ಮಾಡ್ಬೇಕು ಅನ್ನೋದು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಕೊನೇ ಸಲ ‘ಮೇಡಂ, ಹಳೇ ಮಾಡೆಲ್ ಆಯ್ತು, ಎಕ್ಸ್‌ಚೇಂಜ್ ಆಫರ್ ಇದೆ’ ಅಂದ್ರು. ಫೋನಿಟ್ಟೆ. ಆ ಸಿಟ್ಟಲ್ಲೇ ಆವತ್ತು ರಿವ್ಯೂ ಬರ್ದಿದ್ರೆ ಒಂದೇ ಸ್ಟಾರ್ ಕೊಟ್ಟಿರ್ತಿದ್ದೆ.

ಡಿಪ್ಲೊಮಾ ಓದ್ತಿರೋ ನನ್ನ ಹಳೇ ವಿದ್ಯಾರ್ಥಿ ಒಬ್ಬ ದೀಪಾವಳಿ ರಜೆಗೆ ಬಂದಿದ್ದ. ಐದು ನಿಮಿಷ ನೋಡಿ ‘ಟೀಚರ್, ಪ್ರಿಂಟರ್‌ಗೆ ಏನೂ ಆಗಿಲ್ಲ, ಹುಡುಕೋ ರೀತಿ ಸರಿ ಇಲ್ಲ ಅಷ್ಟೇ’ ಅಂದ. ಅವನು ಹೇಳಿದ್ದು ಹೀಗೆ: ಪ್ರಿಂಟರ್ ತಾನಾಗೇ ಸೇರ್ಕೊಂಡಾಗ ಅದು ಡಬ್ಲ್ಯೂಎಸ್‌ಡಿ ಅನ್ನೋ ಪೋರ್ಟಲ್ಲಿ ಕೂತಿತ್ತು, ಅಂದ್ರೆ ಲ್ಯಾಪ್‌ಟಾಪು ಮನೆ ನೆಟ್‌ವರ್ಕಲ್ಲಿ ‘ಪ್ರಿಂಟರ್ ಇದೀಯಾ?’ ಅಂತ ಕೂಗತ್ತೆ, ‘ಓ’ ಅಂತ ಉತ್ತರ ಬರ್ಲಿಲ್ಲ ಅಂದ್ರೆ ಆಫ್‌ಲೈನ್ ಅಂತ ಬರ್ಕೊಂಬಿಡತ್ತೆ. ಪ್ರಿಂಟರ್ ನಿದ್ದೆ ಮೋಡಲ್ಲಿದ್ರೂ ಅಷ್ಟೇ. ಇನ್ನೊಂದು, ವಿಂಡೋಸ್ 11 ಹೊಸ ವೈಫೈನ ಪಬ್ಲಿಕ್ ಅಂತ ಹಿಡಿಯತ್ತೆ, ಅಂದ್ರೆ ಅದೇ ವೈಫೈಲಿರೋ ಬೇರೆ ಸಾಧನಗಳ ಜೊತೆ ಮಾತು ಕಮ್ಮಿ ಮಾಡತ್ತೆ, ಬಸ್‌ಸ್ಟ್ಯಾಂಡ್ ವೈಫೈಗೆ ಅದೇ ಸರಿ, ಮನೇದಕ್ಕೆ ನಾವೇ ಪ್ರೈವೇಟ್ ಮಾಡ್ಬೇಕು.

ಮಾಡಿದ್ದು ಇಷ್ಟು. ಮನೆ ವೈಫೈನ ಪ್ರೈವೇಟ್ ಮಾಡಿ, ಲ್ಯಾಪ್‌ಟಾಪಲ್ಲಿದ್ದ ಪ್ರಿಂಟರಿನ ಹಳೇ ಎಂಟ್ರಿ ತೆಗೆದ್ವಿ. ಪ್ರಿಂಟರಿಂದಲೇ ನೆಟ್‌ವರ್ಕ್ ಪೇಜ್ ಪ್ರಿಂಟ್ ತೆಗೆದ್ರೆ ಅದ್ರಲ್ಲಿ ಐಪಿ ಅಡ್ರೆಸ್, ಅಂದ್ರೆ ಮನೆ ನೆಟ್‌ವರ್ಕಲ್ಲಿ ಪ್ರಿಂಟರಿಗೆ ಸಿಕ್ಕಿರೋ ನಂಬರ್, ಇರತ್ತೆ. ವಿಂಡೋಸ್ ಸೆಟ್ಟಿಂಗ್ಸಲ್ಲಿ ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್‌ಗೆ ಹೋಗಿ, ಆಡ್ ಡಿವೈಸ್ ಒತ್ತಿ, ಸ್ವಲ್ಪ ಹೊತ್ತು ಕಾದ್ಮೇಲೆ ಬರೋ ‘ಆಡ್ ಮ್ಯಾನ್ಯುಯಲಿ’ ಹಿಡ್ದು, ಐಪಿ ಅಡ್ರೆಸ್ ಮೂಲಕ ಅನ್ನೋದನ್ನ ಆರಿಸಿ, ಡಿವೈಸ್ ಟೈಪ್‌ಗೆ ‘ಟಿಸಿಪಿ/ಐಪಿ ಡಿವೈಸ್’ ಕೊಟ್ಟು, ಅಡ್ರೆಸ್ ಹಾಕಿದ್ವಿ. ಡ್ರೈವರ್ (ಲ್ಯಾಪ್‌ಟಾಪಿಂದ ಪ್ರಿಂಟರನ್ನ ನಡೆಸೋ ಸಾಫ್ಟ್‌ವೇರ್) ವಿಷ್ಯದಲ್ಲಿ ಒಂದು ಮಾತು, ವಿಂಡೋಸ್ ತಾನೇ ಕೊಡೋ, ಐಪಿಪಿ ಕ್ಲಾಸ್ ಡ್ರೈವರ್ ಅನ್ನೋ ಸಾಮಾನ್ಯ ಡ್ರೈವರಲ್ಲಿ ಪ್ರಿಂಟ್ ಚೆನ್ನಾಗೇ ಬರತ್ತೆ, ಆದ್ರೆ ನನಗೆ ಡ್ರಾಫ್ಟ್ ಮೋಡ್ ಸಿಗ್ಲಿಲ್ಲ. ನನ್ನ ಇಂಕ್ ಉಳಿಯೋದೇ ಡ್ರಾಫ್ಟಲ್ಲಿ, ಹಾಗಾಗಿ ಕಂಪನಿ ಸೈಟಿಂದ ಪೂರ್ತಿ ಡ್ರೈವರ್ ಇಳ್ಸಿ ಹಾಕಿದ್ವಿ, ಆ್ಯಪ್ ಅಲ್ಲ, ಬರೀ ಡ್ರೈವರ್.

ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಗುಡುಗು ಮಳೆ, ಕರೆಂಟ್ ಹೋಯ್ತು, ಬಂತು, ಮತ್ತೆ ಆಫ್‌ಲೈನ್! ಅಳು ಬರೋದೊಂದು ಬಾಕಿ. ಹುಡುಗನಿಗೆ ಫೋನ್ ಮಾಡಿದ್ರೆ ‘ಅಯ್ಯೋ, ರೌಟರಲ್ಲಿ ಅಡ್ರೆಸ್ ಕಟ್ಟಿ ಹಾಕೋದು ಮರ್ತೇಬಿಟ್ಟೆ ಟೀಚರ್’ ಅಂದ. ಕರೆಂಟ್ ಹೋಗಿ ರೌಟರ್ ಮತ್ತೆ ಆನ್ ಆದಾಗ ಪ್ರಿಂಟರ್‌ಗೆ ಬೇರೆ ನಂಬರ್ ಕೊಟ್ಟಿತ್ತು, ಲ್ಯಾಪ್‌ಟಾಪು ಹಳೇ ನಂಬರಿನ ಬಾಗಿಲು ತಟ್ತಿತ್ತು. ಬ್ರೌಸರಲ್ಲಿ ರೌಟರ್ ಪೇಜ್ ತೆಗ್ದು, ಡಿಎಚ್‌ಸಿಪಿ ಅಡ್ರೆಸ್ ರಿಸರ್ವೇಷನ್ ಅನ್ನೋ ಕಡೆ ಪ್ರಿಂಟರಿನ ಮ್ಯಾಕ್ ಅಡ್ರೆಸ್ (ಪ್ರಿಂಟರಿನ ಬದಲಾಗದ ಗುರುತಿನ ನಂಬರ್) ಹಾಕಿ 192.168.1.50 ಅಂತ ಖಾಯಂ ಮಾಡಿದೆ, ಲ್ಯಾಪ್‌ಟಾಪಲ್ಲೂ ಅದೇ ನಂಬರ್. ಅವನು ಹೇಳಿದ ಹಾಗೆ ಪ್ರಿಂಟರ್ ಪ್ರಾಪರ್ಟೀಸಲ್ಲಿ ಪೋರ್ಟ್ಸ್, ಅಲ್ಲಿ ಕಾನ್ಫಿಗರ್ ಪೋರ್ಟ್, ಅದ್ರೊಳಗೆ ‘ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್’ ಅನ್ನೋ, ಪ್ರಿಂಟರಿನ ಸ್ಥಿತಿ ಆಗಾಗ ವಿಚಾರಿಸೋ ಟಿಕ್ಕೂ ತೆಗೆದೆ. ಪ್ರಿಂಟರ್ ಸರಿಯಾಗೇ ಇದ್ರೂ ಸುಮ್‌ಸುಮ್ನೆ ಆಫ್‌ಲೈನ್ ಅಂತ ತೋರ್ಸೋದು ಎಷ್ಟೋ ಸಲ ಇದ್ರಿಂದಾನೇ ಅಂತೆ. ಇಷ್ಟನ್ನೂ ನನ್ನ ಕೈಯಾರೆ ಮಾಡಿದೆ, ಒಂದು ಗಂಟೆ ಹಿಡೀತು.

ಅಲ್ಲಿಂದ ಈಚೆಗೆ ನಿಜವಾಗ್ಲೂ ಆಶ್ಚರ್ಯ ಆಗೋ ಥರ ಇದೆ. ವಿಂಡೋಸ್ 10 ಇದ್ದಾಗ್ಲೂ ಮೊದಲನೇ ಪ್ರಿಂಟಿಗೆ ಅರ್ಧ ನಿಮಿಷ ಕಾಯ್ತಿದ್ದೆ, ಅದು ಹಾಗೇ ಇರೋದು ಅಂದ್ಕೊಂಡಿದ್ದೆ. ಈಗ ಒತ್ತಿ ಕೈ ತೆಗ್ಯೋದ್ರೊಳಗೆ ಆ ಗುರ್ ಸದ್ದು ಕೇಳತ್ತೆ. ಕರೆಂಟ್ ಅದೆಷ್ಟು ಸಲ ಹೋಗಿ ಬಂತೋ, ಒಂದ್ಸಲಾನೂ ಆಫ್‌ಲೈನ್ ಆಗಿಲ್ಲ. ಬಂದ ಮೊದಲ ವರ್ಷಕ್ಕಿಂತ ಈಗ್ಲೇ ಇದು ನನಗೆ ಇಷ್ಟ.

ಕನ್ನಡದಲ್ಲಿ ಪ್ರಶ್ನೆ ಪತ್ರಿಕೆ ಮಾಡೋರಿಗೆ ಇನ್ನೊಂದು: ವಿಂಡೋಸ್ 11 ಫ್ರೆಶ್ ಆಗಿ ಹಾಕಿದ್ಮೇಲೆ ತುಂಗಾ ಅನ್ನೋ ಕನ್ನಡ ಫಾಂಟ್ ಇರಲ್ಲ. ನನ್ನ ಹಳೇ ಪೇಪರ್‌ಗಳೆಲ್ಲ ಅದ್ರಲ್ಲೇ ಇದ್ದಿದ್ರಿಂದ ಅಕ್ಷರ ಬದಲಾಗಿ, ಸಾಲು ಸರ್ದು, ಎರಡು ಪುಟದ್ದು ಮೂರು ಪುಟ ಆಗಿತ್ತು, ಅದಕ್ಕೂ ನಾನು ಪ್ರಿಂಟರನ್ನೇ ಬೈದಿದ್ದೆ. ಸೆಟ್ಟಿಂಗ್ಸಲ್ಲಿ ಆಪ್ಷನಲ್ ಫೀಚರ್ಸ್‌ಗೆ ಹೋಗಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹಾಕ್ಕೊಂಡ್ರೆ ವಾಪಸ್ ಬರತ್ತೆ.

ನಾಲ್ಕು ಸ್ಟಾರ್ ಕೊಡ್ತಿದೀನಿ. ಐದನೇದು ಆ ಹೆಲ್ಪ್‌ಲೈನಿಂದ ಹೋಯ್ತು, ‘ರೌಟರಲ್ಲಿ ಅಡ್ರೆಸ್ ಖಾಯಂ ಮಾಡಿ’ ಅನ್ನೋ ಒಂದು ವಾಕ್ಯ ನಾಲ್ಕು ಸಲದಲ್ಲಿ ಒಂದ್ಸಲ ಹೇಳ್ಬಹುದಿತ್ತು. ಸ್ಕ್ಯಾನ್ ಮಾತ್ರ ಇನ್ನೂ ವೈಫೈ ಮೇಲೆ ಸರಿಯಾಗಿ ಬರ್ತಿಲ್ಲ. ಮಾವ ಸೊಸೈಟಿ ಸಾಲದ ಕಾಗದ ತಂದಾಗ ಯುಎಸ್‌ಬಿ ಕೇಬಲ್ ಚುಚ್ಚಿ ಸ್ಕ್ಯಾನ್ ಮಾಡಿ ಕೊಡ್ತಿದೀನಿ. ಕೇಬಲ್ಲನ್ನ ಪೇಪರ್ ಡಬ್ಬಿ ಪಕ್ಕಾನೇ ಸುತ್ತಿಟ್ಟಿದೀನಿ.