ದೀಜಿ, ನೇಯ್, ಶಾಕುಹಾಚಿ: ಊದಿ ನೋಡಿದ ಮೇಲೆ

ಎಂಟು ತೂತಿನ ಕರ್ನಾಟಕ ಸಂಗೀತದ ಕೊಳಲನ್ನು ಬಹಳ ವರ್ಷದಿಂದ ಊದುತ್ತಿದ್ದೇನೆ. ಬೇರೆ ದೇಶದ ಕೊಳಲು ಸಿಕ್ಕರೆ ಬೆರಳು ಹೊಂದಿಸಿಕೊಂಡರೆ ಆಯ್ತು ಅಂದುಕೊಂಡಿದ್ದೆ. ಬೆರಳು ಎರಡೇ ದಿನದಲ್ಲಿ ಹೊಂದಿಕೊಂಡಿತು. ಕಾಡಿದ್ದು ತುಟಿ.

ಬೇಗ ಒಲಿದದ್ದು ಚೀನಾದ ದೀಜಿ. ಇದನ್ನೂ ಅಡ್ಡ ಹಿಡಿದೇ ಊದಬೇಕು, ಬೆರಳಿಗೆ ಆರು ತೂತು. ಆದರೆ ಊದುವ ತೂತಿಗೂ ಬೆರಳಿನ ತೂತುಗಳಿಗೂ ನಡುವೆ ಇನ್ನೊಂದಿದೆ. ಅದಕ್ಕೆ ಜೊಂಡಿನ ಒಳಗಿನ ತೆಳು ಪೊರೆ ಅಂಟಿಸಬೇಕು. ಮೊದಲ ಸಲ ಬಿಗಿಯಾಗಿ ಎಳೆದು ಅಂಟಿಸಿದೆ, ದನಿಯೇ ಸತ್ತುಹೋಯಿತು. ಸಣ್ಣ ಸುಕ್ಕು ಬಿಟ್ಟು ಅಂಟಿಸಿದಾಗ ಗುಂಯ್ ಅಂತ ಝೇಂಕರಿಸಿತು. ಮೇಲಿನ ಸ್ವರಗಳು ಮಾತ್ರ ಕಿವಿಗೆ ಚುಚ್ಚುತ್ತವೆ, ಮನೆಯವರನ್ನು ಕೇಳಿ ನೋಡಿ!

ಅಮೆರಿಕದ ಮೂಲನಿವಾಸಿಗಳ ಕೊಳಲಿಗೆ ಒಳಗೆ ಎರಡು ಕೋಣೆ, ಮೇಲೆ ಕಟ್ಟಿದ ಮರದ ತುಂಡು. ಬಾಯಿಗಿಟ್ಟು ಉಸಿರು ಬಿಟ್ಟರೆ ಸಾಕು, ಇಂಪಾದ ದನಿ. ಹೊಸಬರಿಗೆ ಇದೇ ಸರಿ. ತುಟಿಗೆ ಕೆಲಸವೇ ಇಲ್ಲದ್ದರಿಂದ ನನಗೆ ವಾರದಲ್ಲೇ ಬೇಜಾರಾಯಿತು.

ಟರ್ಕಿಯ ನೇಯ್ ಒಂಬತ್ತು ಗೆಣ್ಣಿನ ಜೊಂಡು. ಓರೆಯಾಗಿ ಹಿಡಿದು ಊದಬೇಕು. ಎರಡು ವಾರ ಊದಿದರೂ ಬುಸ್ ಅನ್ನುವುದು ನಿಲ್ಲಲಿಲ್ಲ. ಸದ್ಯಕ್ಕೆ ಮೂಲೆಯಲ್ಲಿದೆ.

ಇನ್ನು ಜಪಾನಿನ ಶಾಕುಹಾಚಿ. ಹೆಸರೇ ಅದರ ಅಳತೆ: 1 ಶಾಕು 8 ಸುನ್, ಅಂದರೆ ಸುಮಾರು 54.5 ಸೆಂ.ಮೀ. ಮುಂದೆ ನಾಲ್ಕು ತೂತು, ಹಿಂದೆ ಒಂದು. ತೆರೆದ ಮೇಲ್ತುದಿಯನ್ನು ಗದ್ದ ಮತ್ತು ಕೆಳತುಟಿಗೆ ಆನಿಸಿ, ಚೆಕ್ಕಿದ ಅಂಚಿಗೆ ಉಸಿರು ತಾಗಿಸಬೇಕು. ಮೂರು ದಿನ ಬರೀ ಗಾಳಿ. ತಲೆ ಸುತ್ತಿ ಕೂತುಬಿಟ್ಟೆ. ನಾಲ್ಕನೇ ದಿನ ದನಿ ಹೊರಟಿತು. ಕೆಳಗಿನಿಂದ ಒಂದೊಂದೇ ತೂತು ಬಿಡುತ್ತಾ ಹೋದೆ. ಅರೆ, ಇದು ನಮ್ಮ ಶುದ್ಧ ಧನ್ಯಾಸಿ ರಾಗದ ಸ್ವರಗಳೇ ಅಲ್ವಾ!

ಆದರೆ ಅಭ್ಯಾಸದಂತೆ ಗಾಂಧಾರ ಸ್ವರವನ್ನು ಬೆರಳಲ್ಲಿ ಅಲುಗಿಸಿದರೆ ಹಿತವಾಗಿ ಕೇಳಲಿಲ್ಲ. ಗದ್ದ ಕೆಳಗಿಳಿಸಿದೆ. ಸ್ವರ ಜಾರುತ್ತಾ ಇಳಿಯಿತು. ಇದಕ್ಕೆ ಅಲ್ಲಿ 'ಮೆರಿ' ಅನ್ನುತ್ತಾರೆ. ನಮ್ಮ ಕೊಳಲಿನ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಜಾರಿಸುವುದು, ಜಾಸ್ತಿ ಬೆರಳಲ್ಲಿ, ಇದರದ್ದು ಕತ್ತಿನಲ್ಲಿ. ಇದು ಗೊತ್ತಾದ ಮೇಲೆ ಬೇರೆ ಮೂರೂ ಪೆಟ್ಟಿಗೆ ಸೇರಿದವು.

ಒಂದೇ ತೊಂದರೆ. ಈಗ ಕೊಳಲು ಹಿಡಿದರೂ ತಲೆ ತಾನಾಗಿಯೇ ಆಡುತ್ತದೆ. "ಯಾರಿಗೆ ಹೂಂ ಅಂತಿದ್ದೀಯಾ?" ಅಂತ ನಮ್ಮ ಮೇಷ್ಟ್ರು ಮೊನ್ನೆ ಗದರಿದರು.