ಕತ್ತಲ ಊಟಕ್ಕೆ ಟೇಬಲ್ ಬುಕ್ ಮಾಡುವ ಮುಂಚೆ

ಪೂರ್ತಿ ಕತ್ತಲಲ್ಲಿ ಊಟ ಬಡಿಸುವ ರೆಸ್ಟೋರೆಂಟ್‌ಗಳಲ್ಲಿ ಒಂದು ಕೆಟ್ಟ ರಾತ್ರಿ ಹೆಚ್ಚುಕಡಿಮೆ ಹೀಗಿರುತ್ತದೆ. ಬಾಗಿಲಲ್ಲಿ ‘ಮೆನು ಗುಟ್ಟು’ ಅಂತ ನಗುತ್ತಾರೆ. ಅಲರ್ಜಿ ಇದೆಯಾ ಅಂತ ಕೇಳಿ ತಲೆಯಾಡಿಸುತ್ತಾರೆ, ಬರೆದುಕೊಳ್ಳುವುದಿಲ್ಲ. ಒಬ್ಬ ವೇಟರ್‌ಗೆ ನಾಲ್ಕೈದು ಮೇಜು. ಬಿಸಿ ಸೂಪಿನ ಬಟ್ಟಲು ಎಲ್ಲಿಟ್ಟೆ ಅನ್ನುವುದನ್ನೂ ಹೇಳದೆ ಆತ ಮುಂದಿನ ಮೇಜಿಗೆ ಹೋಗುತ್ತಾನೆ. ನೀರಿಗೆ ಕೈ ಚಾಚಿದವರ ಮಣಿಕಟ್ಟಿನ ಮೇಲೆ ಸೂಪು ಚೆಲ್ಲುತ್ತದೆ, ಉದ್ದ ಕಾಲಿನ ಗ್ಲಾಸು ಉರುಳುತ್ತದೆ, ಗಾಬರಿಯಲ್ಲಿ ಯಾರೋ ಎದ್ದು ನಿಲ್ಲುತ್ತಾರೆ. ಆಮೇಲಿನದ್ದು ಊಹಿಸಿಕೊಳ್ಳಬಹುದು.

ಈ ಊಟ ಹುಟ್ಟಿದ್ದು ಹೀಗಲ್ಲ. 1999ರಲ್ಲಿ ಜ್ಯೂರಿಚ್‌ನಲ್ಲಿ ಶುರುವಾದ ‘ಬ್ಲಿಂಡೆಕು’ (ಜರ್ಮನ್‌ನಲ್ಲಿ ಕಣ್ಣಾಮುಚ್ಚಾಲೆ ಆಟದ ಹೆಸರು, ಪದಶಃ ‘ಕುರುಡು ಹಸು’) ಅಂಧರೇ ಮುಂದೆ ನಿಂತು ಕಟ್ಟಿದ್ದು. 2004ರಲ್ಲಿ ಪ್ಯಾರಿಸ್‌ನಲ್ಲಿ ‘ಡಾನ್ ಲ ನ್ವಾರ್’ ಬಂತು. ಎರಡೂ ಕಡೆ ಕತ್ತಲಲ್ಲಿ ದಾರಿ ಬಲ್ಲವರು ಅಂಧ ವೇಟರ್‌ಗಳು, ಅವರ ಭುಜ ಹಿಡಿದು ಹಿಂದೆ ನಡೆಯುವವರು ಗಿರಾಕಿಗಳು. ಇಡೀ ಏರ್ಪಾಟು ನಿಂತಿರುವುದೇ ಆ ನೈಪುಣ್ಯದ ಮೇಲೆ. ನಕಲು ಮಾಡುವವರು ಮೊದಲು ಕೈಬಿಡುವುದೂ ಅದನ್ನೇ: ಮಬ್ಬು ದೀಪದ ಕೋಣೆ, ಕಣ್ಣಿಗೆ ಬಟ್ಟೆಯ ಪಟ್ಟಿ, ಕಣ್ಣಿರುವ ವೇಟರ್. ಪಟ್ಟಿ ಮೂಗಿನ ಪಕ್ಕದಿಂದ ಬೆಳಕು ಬಿಡುತ್ತದೆ. ನಿನ್ನೆ ಯಾರ ಕಣ್ಣಿಗೆ ಕಟ್ಟಿದ್ದರೋ, ಒಗೆದರೋ ಇಲ್ಲವೋ. ‘ಬಡಿಸುವವರು ಅಂಧರಾ, ಕೋಣೆಯೇ ಕತ್ತಲಾ ಅಥವಾ ಪಟ್ಟಿ ಕಟ್ಟುತ್ತೀರಾ’ ಅಂತ ಫೋನಿನಲ್ಲೇ ಕೇಳಿ. ಉತ್ತರ ತಡವರಿಸಿದರೆ ಬುಕ್ ಮಾಡಬೇಡಿ.

ಸ್ವಲ್ಪ ಹೊತ್ತಿಗೆ ಕಣ್ಣು ಹೊಂದಿಕೊಳ್ಳುತ್ತದೆ ಅನ್ನುವ ನಂಬಿಕೆಯೂ ಬೇಡ. ಮಬ್ಬು ಬೆಳಕಿಗೆ ಕಣ್ಣು 20-30 ನಿಮಿಷದಲ್ಲಿ ಪಳಗುತ್ತದೆ ನಿಜ. ಬೆಳಕೇ ಇಲ್ಲದಲ್ಲಿ ಎಷ್ಟು ಹೊತ್ತು ಕೂತರೂ ಏನೂ ಕಾಣದು. ನಿಮ್ಮ ಕೈಯನ್ನು ಮುಖದ ಮುಂದೆ ಆಡಿಸಿದಾಗ ಅದು ಕಂಡಂತೆ ಭಾಸವಾಗಬಹುದು, ಅದು ಮಿದುಳಿನ ಕಿತಾಪತಿ. ಪಕ್ಕದವರಿಗೆ ಕೈ ಆಡಿಸಲು ಹೇಳಿ. ಅದೂ ಕಂಡರೆ ಎಲ್ಲೋ ಬೆಳಕು ಸೋರುತ್ತಿದೆ.

ಯಾರೂ ಮುಂಚಿತವಾಗಿ ಯೋಚಿಸದ ಅಪಾಯ ಅಂದರೆ ಗಂಟಲಲ್ಲಿ ತುತ್ತು ಸಿಕ್ಕಿಕೊಳ್ಳುವುದು. ಕತ್ತಲಲ್ಲಿ ಫೋರ್ಕು ಒಮ್ಮೆ ಖಾಲಿ ಬರುತ್ತದೆ, ಮರುಕ್ಷಣ ಇಡೀ ತುಂಡೇ ಬರುತ್ತದೆ. ಗಾತ್ರ ತಿಳಿಯುವುದು ಬಾಯಿಗೆ ಹೋದ ಮೇಲೆ. ಮೀನಿನ ಮುಳ್ಳು ಕಾಣುವುದಿಲ್ಲ. ಎದುರಿನವರ ಮುಖ ಕಾಣದೆ ಎಲ್ಲರೂ ದನಿ ಏರಿಸಿರುತ್ತಾರೆ, ಅಗಿಯುತ್ತಲೇ ಮಾತಾಡುತ್ತಾರೆ. ಗಂಟಲು ಪೂರ್ತಿ ಕಟ್ಟಿದವರಿಗೆ ಕೆಮ್ಮಲೂ ಆಗದು, ಕೂಗಲೂ ಆಗದು. ಬೆಳಕಿದ್ದರೆ ಕೈ ಗಂಟಲಿಗೆ ಹೋದದ್ದು ಎದುರಿನವರಿಗೆ ಕಾಣುತ್ತಿತ್ತು. ಇಲ್ಲಿ ಪಕ್ಕದವರು ಸುಮ್ಮನಾದರೆ ಊಟದಲ್ಲಿ ಮುಳುಗಿದ್ದಾರೆ ಅಂದುಕೊಳ್ಳುತ್ತೀರಿ. ಉಸಿರು ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳಿಗೆ ಪೆಟ್ಟಾಗಲು ಶುರುವಾಗುತ್ತದೆ. ಹಾಗಾಗಿ ಕೂತ ತಕ್ಷಣ ಒಂದು ಗುರುತು ಮಾಡಿಕೊಳ್ಳಿ: ಅಂಗೈಯಿಂದ ಮೇಜಿಗೆ ಮೂರು ಏಟು ಬಿದ್ದರೆ ಎಲ್ಲರೂ ‘ಲೈಟ್’ ಅಂತ ಕೂಗುವುದು. ಲೈಟ್ ಹಾಕುವ ಸ್ವಿಚ್ ಯಾರ ಕೈಯಲ್ಲಿದೆ, ಎಷ್ಟು ಸೆಕೆಂಡಿನಲ್ಲಿ ಹತ್ತುತ್ತದೆ, ಒಳಗೆ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು ಹೊರಗಿನಿಂದ ಯಾರಾದರೂ ನೋಡುತ್ತಿರುತ್ತಾರಾ ಅಂತ ಒಳಗೆ ಹೋಗುವ ಮುಂಚೆಯೇ ವಿಚಾರಿಸಿ. ಅವರು ನಕ್ಕರೆ ನಗಲಿ.

ಅಲರ್ಜಿಯದ್ದೂ ಇದೇ ಕಥೆ. ಶೇಂಗಾ, ಎಳ್ಳು, ಸೀಗಡಿ ತಟ್ಟೆಯಲ್ಲಿದ್ದರೆ ಬೆಳಕಿನಲ್ಲಿ ಎಷ್ಟೋ ಸಲ ಕಣ್ಣೇ ತಡೆಯುತ್ತದೆ. ಇಲ್ಲಿ ಆ ಕಾವಲು ಇಲ್ಲ. ತುಟಿ ಊದಿದ್ದು, ಮೈಮೇಲೆ ದದ್ದು ಎದ್ದದ್ದು ಯಾರಿಗೂ ಕಾಣುವುದಿಲ್ಲ. ತುರಿಕೆಯನ್ನು ನೀವೇ ‘ಕತ್ತಲ ಭ್ರಮೆ’ ಅಂತ ತಳ್ಳಿಹಾಕುವ ಸಾಧ್ಯತೆಯೂ ಇದೆ. ಮೆನು ಗುಟ್ಟಾಗಿರಲಿ, ಪದಾರ್ಥಗಳ ಪಟ್ಟಿ ಗುಟ್ಟಾಗಿರಬಾರದು. ಬುಕ್ ಮಾಡುವಾಗಲೇ ಬರಹದಲ್ಲಿ ತಿಳಿಸಿ, ಅದು ಅಡುಗೆಮನೆಗೆ ತಲುಪಿದೆ ಅಂತ ಬರಹದಲ್ಲೇ ಉತ್ತರ ಪಡೆಯಿರಿ. ನಿಮ್ಮ ತಟ್ಟೆ ಪಕ್ಕದವರ ಮುಂದೆ ಹೋಗದಂತೆ ಹೇಗೆ ಗುರುತಿಸುತ್ತೀರಿ ಅಂತಲೂ ಕೇಳಿ. ಬ್ಯಾಗು, ಫೋನು, ಮಿನುಗುವ ವಾಚು ಲಾಕರ್‌ಗೆ ಹೋಗಲಿ. ಅಡ್ರಿನಲಿನ್ ಇಂಜೆಕ್ಷನ್ ಅಥವಾ ಇನ್‌ಹೇಲರ್ ಇದ್ದರೆ ಅದು ಜೇಬಿನಲ್ಲೇ ಇರಬೇಕು.

ಒಳ್ಳೆಯ ಕಡೆ ಬಡಿಸುವ ರೀತಿಯೇ ಬೇರೆ. ತಟ್ಟೆಯನ್ನು ಗಡಿಯಾರವೆಂದುಕೊಂಡು ಹೇಳುತ್ತಾರೆ: ಮಾಂಸ 6ಕ್ಕೆ, ತರಕಾರಿ 3ಕ್ಕೆ, ಗ್ಲಾಸು ತಟ್ಟೆಯಾಚೆ 1ಕ್ಕೆ. ಆಹಾರ ಒಂದೇ ತುತ್ತಿನ ಗಾತ್ರಕ್ಕೆ ಕತ್ತರಿಸಿರುತ್ತದೆ, ಮುಳ್ಳು ಮೂಳೆ ಇರುವುದಿಲ್ಲ, ಸೂಪು ಬಾಯಿ ಸುಡುವಷ್ಟು ಬಿಸಿ ಇರುವುದಿಲ್ಲ. ನೀರು ನೀವೇ ಬಗ್ಗಿಸಿಕೊಳ್ಳುವುದಾದರೆ ತೋರುಬೆರಳನ್ನು ಗ್ಲಾಸಿನ ಅಂಚಿನಿಂದ ಒಳಕ್ಕೆ ಇಳಿಬಿಟ್ಟು, ಬೆರಳಿಗೆ ನೀರು ತಾಗಿದೊಡನೆ ನಿಲ್ಲಿಸಿ. ಗ್ಲಾಸು ಹುಡುಕುವಾಗ ಕೈಯನ್ನು ಗಾಳಿಯಲ್ಲಿ ಚಾಚಬೇಡಿ, ಮೇಜಿಗೆ ತಾಗಿಸಿಕೊಂಡು ನಿಧಾನಕ್ಕೆ ಸರಿಸಿ. ಕೊನೆಗೆ ಬೆರಳಿನಲ್ಲೇ ತಿನ್ನುತ್ತೀರಿ, ಹಾಗಾಗಿ ಕೈ ತೊಳೆದೇ ಒಳಗೆ ಹೋಗಿ.

ಎದ್ದು ನಿಲ್ಲುವ ಕೆಲಸ ಮಾತ್ರ ಬೇಡ. ನೆಟ್ಟಗೆ ನಿಲ್ಲಲು ದೇಹ ಕಿವಿಯೊಳಗಿನ ಅಂಗ, ಕೀಲು-ಸ್ನಾಯುಗಳ ಅರಿವು, ಕಣ್ಣು, ಮೂರನ್ನೂ ನೆಚ್ಚಿಕೊಂಡಿರುತ್ತದೆ. ಒಂದು ಕಳಚಿದರೆ ತಲೆಸುತ್ತು ಇರುವವರು, ವಯಸ್ಸಾದವರು ವಾಲುತ್ತಾರೆ, ಬಿಸಿ ತಟ್ಟೆ ಹಿಡಿದು ಬರುವ ವೇಟರ್‌ಗೆ ಡಿಕ್ಕಿಯಾಗುತ್ತಾರೆ. ವೇಟರ್ ಹೆಸರು ನೆನಪಿಟ್ಟುಕೊಳ್ಳಿ. ಶೌಚಕ್ಕಿರಲಿ, ಎದೆ ಡವಡವ ಅಂದು ಹೊರಗೆ ಹೋಗಬೇಕೆನಿಸಲಿ, ಕೂತಲ್ಲಿಂದಲೇ ಹೆಸರು ಹಿಡಿದು ಕರೆಯಿರಿ. ಇಕ್ಕಟ್ಟಿನ ಜಾಗದಲ್ಲಿ ಉಸಿರುಗಟ್ಟುವವರು, ತುಟಿ ನೋಡಿ ಮಾತು ಹಿಡಿಯುವವರು ಈ ಊಟಕ್ಕೆ ಹೋಗದಿರುವುದೇ ಒಳ್ಳೆಯದು.

ಹೊರಗೆ ಬಂದ ಮೇಲೆ ಮಂದ ಬೆಳಕಿನ ಜಾಗದಲ್ಲಿ ಎರಡು ನಿಮಿಷ ನಿಲ್ಲಿ. ಕಣ್ಣು ಕುಕ್ಕುತ್ತಿರುವಾಗಲೇ ಮೆಟ್ಟಿಲು ಇಳಿಯಬೇಡಿ, ಬಿಲ್ಲಿಗೆ ಸಹಿಯನ್ನೂ ಹಾಕಬೇಡಿ.