ಹಸಿರಾಗಿದೆ ಅಂತ ನಂಬಿ ಪೂರ್ತಿ ಹಣ ಕೊಟ್ಟುಬಿಟ್ಟೆ

ಕಡುಚಳಿ ಇರುವ ಜಾಗದಲ್ಲಿ ಪೈನ್, ಸ್ಪ್ರೂಸ್, ಲಾರ್ಚ್‌ನಂಥ ಸೂಜಿ ಎಲೆಯ ಮರಗಳ ತೋಪು ಬೆಳೆಸಬೇಕು ಅಂತಿರುವವರು ಸಸಿಗೆ ಮುಂಗಡ ಕೊಡುವ ಮುಂಚೆ ಇದನ್ನೊಮ್ಮೆ ಓದಿ. ನಾನು ನೆಡಿಸಿದ್ದು 2,000 ಸಸಿ. ಎರಡು ವರ್ಷ ಕಳೆದ ಮೇಲೆ ಉಳಿದದ್ದು 300ಕ್ಕೂ ಕಡಿಮೆ. "ಈ ಸಲ ಚಳಿ ಜೋರಿತ್ತು ಬಿಡಿ" ಅಂದರು ಸಸಿ ಮಾರಿದವರು. ಚಳಿ ಜೋರಿರುತ್ತದೆ ಅಂತ ಗೊತ್ತಿದ್ದೇ ತಾನೇ ನಾವು ಈ ಕೆಲಸಕ್ಕೆ ಇಳಿಯೋದು?

ನಾಟಿ ನಡೆದದ್ದು ಬೇಸಿಗೆ ಮುಗಿದ ಮೇಲೆ. ನೂರಕ್ಕೆ ತೊಂಬತ್ತು ಸಸಿ ಬದುಕಿದ್ದರೆ ಪೂರ್ತಿ ಹಣ ಅಂತ ಮಾತಾಗಿತ್ತು. ಹಿಮ ಬೀಳುವುದಕ್ಕೆ ಸ್ವಲ್ಪ ಮೊದಲು ನೆಟ್ಟವರು ಬಂದರು. ಜೊತೆಯಲ್ಲೇ ಸಾಲು ಸಾಲಾಗಿ ನಡೆದು ಎಣಿಸಿದೆವು. ಹೆಚ್ಚುಕಡಿಮೆ ಎಲ್ಲವೂ ಹಸಿರು! ಖುಷಿಯಲ್ಲಿ ಅವತ್ತೇ ಲೆಕ್ಕ ಚುಕ್ತಾ ಮಾಡಿದೆ. ಹಿಮ ಕರಗಿ ಬಿಸಿಲು ಬಿದ್ದ ಮೇಲೆ ಹೋಗಿ ನೋಡಿದರೆ ಇಡೀ ಜಾಗ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

ಪೈನ್, ಸ್ಪ್ರೂಸ್‌ನಂಥ ಸದಾ ಹಸಿರಾಗಿರುವ ಗಿಡ ಸತ್ತರೂ ಸತ್ತ ಹಾಗೆ ಕಾಣೋದಿಲ್ಲ. ಪೈನ್ ಕೊಂಬೆ ಕಡಿದು ತಂಪಿನಲ್ಲಿ ಇಟ್ಟು ನೋಡಿ, ವಾರಗಟ್ಟಲೆ ಹಸಿರಾಗೇ ಇರುತ್ತದೆ. ಬೇರು ಹೋದ ಸಸಿಯೂ ಹಾಗೇ. ಚಳಿ ಇರುವಷ್ಟು ದಿನ ಬಣ್ಣ ಬಿಡೋದಿಲ್ಲ, ಬಿಸಿಲು ಏರಿದಾಗ ಗುಟ್ಟು ರಟ್ಟಾಗುತ್ತದೆ. ಹಾಗಾಗಿ ಬಣ್ಣ ನೋಡಿ ಎಣಿಸಬೇಡಿ. ಬುಡದ ಹತ್ತಿರ ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಾಗಿ ಒದ್ದೆಯಾಗಿದ್ದರೆ ಜೀವ ಇದೆ, ಕಂದಾಗಿದ್ದರೆ ಹೋಯಿತು. ಅಲ್ಲೊಂದು ಇಲ್ಲೊಂದು ಸಸಿ ಕಿತ್ತೂ ನೋಡಿ. ಬೇರಿನ ತುದಿಯಲ್ಲಿ ಬಿಳಿ ಬೇರು ಹೊಸದಾಗಿ ಬಂದಿರಬೇಕು. ನನ್ನವು ಟ್ರೇಯಿಂದ ತೆಗೆದಾಗ ಹೇಗಿದ್ದವೋ ಹಾಗೇ ಇದ್ದವು. ಬೇರು ಆ ಮಣ್ಣಿನ ಉಂಡೆಯಿಂದ ಆಚೆಗೇ ಬಂದಿರಲಿಲ್ಲ.

ಸತ್ತ ಸಸಿಗಳನ್ನು ಕಿತ್ತು ನೋಡುತ್ತಾ ಹೋದ ಹಾಗೆ ಒಂದೊಂದೇ ಗೊತ್ತಾಯಿತು. ಎಲ್ಲಕ್ಕಿಂತ ದೊಡ್ಡ ತಪ್ಪು ಬೀಜದ್ದು. ನಾನು ಕೇಳಿದ್ದು ಜಾತಿ ಯಾವುದು, ಎತ್ತರ ಎಷ್ಟು, ಬೆಲೆ ಎಷ್ಟು, ಇಷ್ಟೇ. ಬೀಜ ಯಾವ ಕಾಡಿನದು ಅಂತ ಕೇಳಲೇ ಇಲ್ಲ. ಈ ಮರಗಳು ಹಗಲು ರಾತ್ರಿಯ ಉದ್ದ ನೋಡಿ ಬೆಳವಣಿಗೆ ನಿಲ್ಲಿಸುತ್ತವೆ. ಉತ್ತರದ ಮರ ರಾತ್ರಿ ಸ್ವಲ್ಪ ಉದ್ದವಾದ ಕೂಡಲೇ ತುದಿಯಲ್ಲಿ ಮುಂದಿನ ಚಿಗುರಿನ ಮೊಗ್ಗು ಕಟ್ಟಿ ಚಳಿಗೆ ಅಣಿಯಾಗುತ್ತದೆ. ದಕ್ಷಿಣದ ಬೀಜದಿಂದ ಬಂದದ್ದು ರಾತ್ರಿ ಇನ್ನೂ ಉದ್ದವಾಗಲಿ ಅಂತ ಕಾಯುತ್ತಾ ಬೆಳೆಯುತ್ತಲೇ ಇರುತ್ತದೆ. ಅಷ್ಟರಲ್ಲಿ ಚಳಿ ಬಂದು ಎಳೆ ತುದಿಯನ್ನು ಸುಟ್ಟುಬಿಡುತ್ತದೆ. ಹೆಸರು ಒಂದೇ, ನೋಡಲೂ ಒಂದೇ, ಸ್ವಭಾವ ಮಾತ್ರ ಬೇರೆ. ಸಸಿ ತಂದ ದಿನ ತುದಿ ಮೆತ್ತಗೆ, ತಿಳಿ ಹಸಿರಾಗಿತ್ತು. "ಎಷ್ಟು ಚೆನ್ನಾಗಿ ಚಿಗುರುತ್ತಿದೆ!" ಅಂತ ಫೋಟೋ ಬೇರೆ ತೆಗೆದಿದ್ದೆ. ಆ ಹೊತ್ತಿಗೆ ತುದಿಯಲ್ಲಿ ಗಟ್ಟಿ ಮೊಗ್ಗು ಕೂತಿರಬೇಕಿತ್ತು.

ಹಾಗಂತ ತೀರಾ ಉತ್ತರದ ಬೀಜ ತಂದರೆ ಸರಿಹೋಗುತ್ತೆ ಅಂತಲೂ ಇಲ್ಲ. ಅದು ವಸಂತದಲ್ಲಿ ಸ್ವಲ್ಪ ಬಿಸಿ ತಾಗಿದರೂ ಬೇಗ ಎಚ್ಚರಾಗುತ್ತದೆ. ಎದ್ದ ಮೇಲೆ ಚಳಿ ಮತ್ತೆ ತಿರುಗಿ ಬಂದರೆ ಗತಿ ಇಲ್ಲ. ಎದ್ದ ಮರಕ್ಕೆ ಚಳಿ ತಿರುಗಿ ಬಂದರೆ ಏನಾಗುತ್ತದೆ ಅನ್ನೋದಕ್ಕೆ ಐಸ್‌ಲ್ಯಾಂಡಿನಲ್ಲಿ 1963ರ ಏಪ್ರಿಲ್‌ನಲ್ಲಿ ಬಿದ್ದ ಪೆಟ್ಟೇ ಸಾಕ್ಷಿ. ಚಳಿಗಾಲದ ಕೊನೆ ಬೆಚ್ಚಗಿತ್ತು, ಮರಗಳು ಏಳತೊಡಗಿದ್ದವು. ಒಮ್ಮೆಗೇ ಉಷ್ಣತೆ ಕುಸಿಯಿತು. ಅಲಾಸ್ಕಾದಿಂದ ತಂದು ಬೆಳೆಸಿದ್ದ ಸಿಟ್ಕಾ ಸ್ಪ್ರೂಸ್, ಪಾಪ್ಲರ್ ಮರಗಳು ದಕ್ಷಿಣ ಭಾಗದಲ್ಲಿ ರಾಶಿ ರಾಶಿ ಸತ್ತವು. ಇನ್ನೊಂದು ಕಡೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಹತ್ತಿರದ ರೈವೋಲಾ ತೋಪು ನೋಡಿ. ಹಡಗಿನ ಮರಕ್ಕಾಗಿ 1738ರಲ್ಲಿ ಲಾರ್ಚ್ ಬಿತ್ತಿದರು. ಬೀಜ ತಂದದ್ದು ರಷ್ಯಾದ ಉತ್ತರದ ಅರ್ಖಾಂಗೆಲ್ಸ್ಕ್ ಕಡೆಯಿಂದ. ಆ ತೋಪು ಇವತ್ತಿಗೂ ನಿಂತಿದೆ. ಇನ್ನೂರೆಂಬತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಬೀಜದ ಮೂಲ ನಮಗೆ ಗೊತ್ತಿದೆ, ಮೊನ್ನೆ ಕೊಂಡ ನನ್ನ ಸಸಿಯದ್ದು ಮಾರಿದವರಿಗೇ ಗೊತ್ತಿರಲಿಲ್ಲ. ಹೇಗಿದೆ ನೋಡಿ!

ಎರಡನೆಯ ತಪ್ಪು ಪೂರ್ತಿ ನನ್ನದೇ. ಹುಲ್ಲು ಸಸಿಯ ನೀರು ಕುಡಿಯುತ್ತದೆ ಅಂತ ಓದಿ, ಯಂತ್ರ ತರಿಸಿ ಇಡೀ ಜಾಗ ಕೆರೆಸಿದೆ. ಕಪ್ಪು ಮಣ್ಣು ಹಾಸಿದ ಹಾಗೆ ಕಾಣುತ್ತಿತ್ತು, ನೋಡೋಕೆ ಚೆಂದ. ನುಣ್ಣನೆ ಮಣ್ಣು, ಮೇಲೆ ಹೊದಿಕೆ ಇಲ್ಲ, ಒಳಗೆ ತೇವ ಇದೆ. ಇಂಥ ಕಡೆ ರಾತ್ರಿ ಮೇಲ್ಮಣ್ಣು ಹೆಪ್ಪುಗಟ್ಟುವಾಗ ಕೆಳಗಿನ ನೀರನ್ನು ಮೇಲಕ್ಕೆ ಎಳೆದುಕೊಂಡು ಐಸ್ ಪದರ ದಪ್ಪವಾಗುತ್ತದೆ. ಮಣ್ಣಿನ ಜೊತೆ ಸಸಿಯೂ ಮೇಲೇಳುತ್ತದೆ. ಹಗಲು ಕರಗಿದಾಗ ಮಣ್ಣು ಕೆಳಗೆ ಕೂರುತ್ತದೆ, ಸಸಿ ಕೂರುವುದಿಲ್ಲ. ಹೀಗೆ ದಿನಾ ಒಂದು ಚೂರು, ಒಂದು ಚೂರು. ಕೊನೆಗೆ ಮಣ್ಣಿನ ಉಂಡೆ ಅರ್ಧಕ್ಕರ್ಧ ಹೊರಗೆ. ನೂರಾರು ಸಸಿ ಹಲ್ಲು ಕಿತ್ತು ಇಟ್ಟ ಹಾಗೆ ನೆಲದ ಮೇಲೆ ಬಿದ್ದಿದ್ದವು. ತಡವಾಗಿ ನೆಟ್ಟಿದ್ದರಿಂದ ಹಿಡಿದುಕೊಳ್ಳೋಕೆ ಬೇರೂ ಇರಲಿಲ್ಲ. ಸಸಿಯ ಸುತ್ತ ಅಗತ್ಯ ಇದ್ದಷ್ಟು ಹುಲ್ಲು ತೆಗೆದು, ಅದನ್ನೇ ಬುಡಕ್ಕೆ ಹೊದಿಸಿದ್ದರೆ ಸಾಕಿತ್ತು. ಇಡೀ ಹೊಲ ಬೋಳಿಸುವ ಕೆಲಸ ಇರಲಿಲ್ಲ.

ಗಾಳಿಯ ವಿಷಯ ಬೇರೆ. ಚಳಿಗಾಲದ ಕೊನೆಗೆ ಬಿಸಿಲು, ಗಾಳಿ ಚುರುಕಾದಾಗ ಎಲೆ ನೀರು ಕಳೆದುಕೊಳ್ಳುತ್ತದೆ, ನೆಲ ಇನ್ನೂ ಕಲ್ಲಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಬೇರಿಗೆ ನೀರು ಎಳೆಯೋಕೆ ಆಗಲ್ಲ. ಅಂದರೆ ಕಡುಚಳಿಯಲ್ಲಿ ಗಿಡ ಬಾಯಾರಿ ಸಾಯುತ್ತದೆ. ನನ್ನ ಎಷ್ಟೋ ಸಸಿಗಳಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಗುರುತು ಇತ್ತು. ಹಿಮದಲ್ಲಿ ಹೂತಿದ್ದ ಭಾಗ ಹಸಿರು, ಅದರ ಮೇಲಿನದು ಕೆಂಪು. ಬದುಕಿದ ಸಸಿಗಳೆಲ್ಲ ಹೆಚ್ಚಾಗಿ ಬಂಡೆಯ ಮರೆಯಲ್ಲಿ, ಹಳೆ ಬೊಡ್ಡೆಯ ಮರೆಯಲ್ಲಿ, ಹಿಮ ಗುಡ್ಡೆಯಾಗಿ ನಿಲ್ಲುವ ಕಡೆ ಇದ್ದವು. ನಾನು ಹಗ್ಗ ಹಿಡಿದು ನೇರ ಸಾಲು ಹಾಕಿಸಿದ್ದೆ. ನೆಡುವವರು ಬಂಡೆಯ ಪಕ್ಕಕ್ಕೆ ಸರಿಸಿದಾಗ "ಸಾಲು ತಪ್ಪುತ್ತೆ" ಅಂತ ಗದರಿದ್ದು ನೆನಪಾದರೆ ನಾಚಿಕೆ ಆಗುತ್ತದೆ.

ಉಳಿದವು ಸಣ್ಣಪುಟ್ಟವು, ಆದರೂ ಹೇಳಿಬಿಡುತ್ತೇನೆ. ತಗ್ಗಿನಲ್ಲಿ ಗಾಳಿ ಕಡಿಮೆ ಅಂತ ಅಲ್ಲೇ ಜಾಸ್ತಿ ನೆಡಿಸಿದೆ. ತಣ್ಣನೆ ಗಾಳಿ ಭಾರ, ರಾತ್ರಿ ನೀರಿನ ಹಾಗೆ ಹರಿದು ಬಂದು ಅಲ್ಲೇ ನಿಲ್ಲುತ್ತದೆ. ಅಲ್ಲಿನ ಸ್ಪ್ರೂಸ್‌ಗಳ ಹೊಸ ಚಿಗುರು ಒಂದೇ ರಾತ್ರಿಯಲ್ಲಿ ಕಪ್ಪಾಯಿತು. ಗುಣಿಗೆ ಗೊಬ್ಬರ ಹಾಕಿಸಿದೆ, ಉಂಡು ಕೊಬ್ಬಿದ್ದು ಮತ್ತೆ ಬೆಳೆದ ಹುಲ್ಲು. ಆ ದಟ್ಟ ಹುಲ್ಲಿನೊಳಗೆ ಇಲಿಗಳು ಸೇರಿಕೊಂಡು, ಹಿಮದ ಕೆಳಗೇ ಓಡಾಡಿ ಬುಡದ ತೊಗಟೆ ಸುತ್ತಲೂ ಕರಕರ ತಿಂದವು. ಸುತ್ತ ತೊಗಟೆ ಹೋದ ಸಸಿ ಬದುಕಲ್ಲ. ನೆಡುವ ದಿನ ಟ್ರೇಗಳು ಬಿಸಿಲು, ಗಾಳಿಗೆ ಅರ್ಧ ದಿನ ಬಿದ್ದಿದ್ದವು. ನಾನು ನೆರಳಲ್ಲಿ ಕೂತು ಟೀ ಕುಡಿಯುತ್ತಿದ್ದೆ.

ಈಗ ಸಸಿ ನೋಡುವಾಗ ಎತ್ತರ ನೋಡುವುದನ್ನು ಬಿಟ್ಟಿದ್ದೇನೆ. ಕುಳ್ಳಗೆ, ಬುಡ ದಪ್ಪ, ತುದಿಯಲ್ಲಿ ಗಟ್ಟಿ ಮೊಗ್ಗು, ಉಂಡೆ ತುಂಬಾ ಬೇರು. ಆದರೆ ಬೇರು ಸುರುಳಿ ಸುತ್ತಿರಬಾರದು, ಸುತ್ತಿದ್ದು ಮುಂದೆ ಮರವಾದ ಮೇಲೂ ಗಾಳಿಗೆ ಉರುಳಬಹುದು. ಬೀಜ ಎಲ್ಲಿಯದು, ಎಷ್ಟು ಎತ್ತರದ ಜಾಗದ್ದು ಅಂತ ಬರೆದು ಕೊಡದವರ ಹತ್ತಿರ ಮಾತೇ ಮುಂದುವರಿಸೋದಿಲ್ಲ. ಹಣವನ್ನು ಮೂರು ಕಂತು ಮಾಡಿಕೊಳ್ಳಿ. ಕೊನೆಯ ಕಂತು ಎರಡನೇ ಬೇಸಿಗೆಯ ಎಣಿಕೆ ಆದ ಮೇಲೆ. ಇದಕ್ಕೆ ಒಪ್ಪದವರು ತಾವು ನೆಟ್ಟದ್ದನ್ನು ತಾವೇ ನಂಬಿಲ್ಲ ಅಂತಾಯಿತು.

ಈ ಸಲ 200 ಮಾತ್ರ ನೆಟ್ಟಿದ್ದೇನೆ, ಅದೂ ವಸಂತದಲ್ಲಿ, ಸಾಲು ಗೀಲು ಏನೂ ಇಲ್ಲದೆ ಬಂಡೆಗಳ ಮರೆ ಹುಡುಕಿಕೊಂಡು. ನೋಡಿದವರು "ಎಲ್ಲ ಹಸಿರಾಗಿದೆ" ಅನ್ನುತ್ತಾರೆ. ನಾನಿನ್ನೂ ಎಣಿಸಿಲ್ಲ.